ಕದಿರು ಕಟ್ಟಿದ ಕೋವಿ

ಠಾಣೆಯ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟ ಹತ್ತಾರು ಕೋವಿಗಳ ನಡುವೆ ನಮ್ಮ ಅಮ್ಮಮ್ಮ ತನ್ನ ಕೋವಿಯನ್ನು ನಂಬರು ನೋಡದೆ, ಬರೀ ಕದಿರಿನ ಗಂಟು ನೋಡಿ ಗುರುತು ಹಿಡಿದಳು ಎಂಬ ಕಥೆಯನ್ನು ನಮ್ಮ ಮನೆಯವರು ಬಂದವರಿಗೆಲ್ಲ ಹೇಳುತ್ತಾರೆ. ಚಹಾ ಲೋಟ ಬರುವ ಮೊದಲು ಈ ಕಥೆ ಬರುತ್ತದೆ. ಬಂದವರು "ಅಬ್ಬ, ಕಣ್ಣ್ ಅಂದ್ರೆ ಹೀಂಗಿರ್ಕ್" ಅನ್ನುತ್ತಾರೆ. ಅಮ್ಮಮ್ಮ ಎದ್ದು ಒಳಗೆ ಹೋಗುತ್ತಾಳೆ. ಎಲ್ಲರೂ ಅದನ್ನು ವಿನಯ ಅಂದುಕೊಂಡಿದ್ದಾರೆ.

ನನ್ನ ತಕರಾರು ಇರುವುದು ಆ ವಿನಯದ ಮೇಲೆಯೇ. ನಾನು ಈ ಅಮ್ಮಮ್ಮನ ಜೊತೆ ಹುಟ್ಟಿದಾರಭ್ಯ ಇದ್ದೇನೆ. ಅವಳು ಮಾಡಿದ ಸಾರನ್ನು ಯಾರಾದರೂ ಹೊಗಳಿದರೆ "ಮತ್ತೆಂತ, ನಿಮ್ ಮನಿ ಸಾರಿನ್ಹಾಂಗ್ ನೀರ್ ಮಾಡ್ತ್ನಾ?" ಎನ್ನುವ ಹೆಂಗಸು. ಅಂಥವಳು ಇದೊಂದು ಹೊಗಳಿಕೆಗೆ ಮಾತ್ರ ಯಾಕೆ ಎದ್ದು ಹೋಗಬೇಕು?

ನಮ್ಮ ಮನೆ ಇರುವುದು ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ, ಗದ್ದೆಬಯಲು ಮುಗಿದು ಹಾಡಿ ಶುರುವಾಗುವಲ್ಲಿ. ಹಾಡಿಯಿಂದ ಕಾಡುಹಂದಿಗಳು ಬರುತ್ತವೆ. ಅದಕ್ಕಾಗಿ ಅಜ್ಜಯ್ಯನ ಕಾಲದಿಂದಲೂ ಮನೆಯಲ್ಲಿ ಲೈಸೆನ್ಸಿನ ಎರಡು ಕೋವಿ. ಒಂದು ಕೇಪಿನ ಕೋವಿ: ನಳಿಗೆಯ ಬಾಯಿಂದ ಮದ್ದು ತುಂಬಿ, ಹಿಂದೆ ಕೇಪು ಇಟ್ಟು ಹೊಡೆಯುವಂಥದ್ದು. ಇನ್ನೊಂದು ಜೋಡಿ ನಳಿಗೆಯದ್ದು, ತೋಟೆ ಹಾಕುವಂಥದ್ದು. ಅಜ್ಜಯ್ಯ ಹೋದ ಮೇಲೆ ಅದಕ್ಕೆ ತೋಟೆ ತಂದವರಿಲ್ಲ. ಲೈಸೆನ್ಸು ಅಮ್ಮಮ್ಮನ ಹೆಸರಿಗಾಯಿತು. ಹೆಂಗಸಿನ ಹೆಸರಿಗೆ ಕೋವಿಯಾ ಎಂದು ಕೇಳಿದವರಿಗೆ ಅವಳದ್ದು ಒಂದೇ ಉತ್ತರ: "ಹಂದಿ ಗೆದ್ದಿಗ್ ಬಪ್ಪತಿಗೆ ಗಂಡ್ಸ್ರ್ ಮನಿಯಾ ಹೆಂಗ್ಸ್ರ್ ಮನಿಯಾ ಅಂತ ಕೇಂಡ್ಕಂಡ್ ಬತ್ತಾ?"

ನವರಾತ್ರಿಯ ಹೊತ್ತಿಗೆ ಹೊಸ ಭತ್ತದ ಕದಿರು ಮನೆಗೆ ತರುತ್ತೇವಲ್ಲ, ಅದನ್ನು ಮಾವಿನೆಲೆ, ಬಿದಿರೆಲೆಯ ಜೊತೆ ಸೇರಿಸಿ ಬಾಗಿಲಿಗೆ, ಬಾವಿಯ ರಾಟೆಗೆ, ಹಾರೆಗೆ, ಈಗೀಗ ಸ್ಕೂಟರಿಗೆ, ಫ್ರಿಜ್ಜಿಗೆ ಕಟ್ಟುತ್ತೇವೆ. ಕೋವಿಗೂ ಕಟ್ಟುತ್ತೇವೆ. ಮುಂದಿನ ವರ್ಷದ ಕದಿರು ಬರುವ ತನಕ ಅದು ಅಲ್ಲೇ ಒಣಗಿಕೊಂಡಿರುತ್ತದೆ. ಅಮ್ಮಮ್ಮ ಕಟ್ಟುವುದು ಬಾಳೆನಾರಿನಲ್ಲಿ. ಮೂರು ಸುತ್ತು ಬಿಗಿದು ತುದಿಯನ್ನು ಒಳಗೆ ತುರುಕುತ್ತಾಳೆ. ಹೊರಗೆ ಬಾಲ ಕಂಡರೆ "ನಾಯಿ ಕಟ್ಟಿದ್ಹಾಂಗ್ ಆಯ್ತ್" ಎಂದು ಬಿಚ್ಚಿ ಮತ್ತೆ ಕಟ್ಟುತ್ತಾಳೆ.

ಚುನಾವಣೆ ಬಂದರೆ ಊರಿನ ಕೋವಿಗಳೆಲ್ಲ ಠಾಣೆಗೆ ಹೋಗಬೇಕು. ಆ ವರ್ಷ ಲೋಕಸಭೆಯ ಚುನಾವಣೆ. ಎಲ್ಲೆಲ್ಲಿಯ ಕೋವಿಗಳನ್ನೂ ಒಂದೇ ಕೋಣೆಯಲ್ಲಿಟ್ಟಿದ್ದರು. ಕೋವಿಗೊಂದು ಚೀಟಿ ಕಟ್ಟಿ ಇಟ್ಟಿದ್ದೇನೋ ನಿಜ. ಆದರೆ ಕದಿರಿನ ಭತ್ತ ತಿನ್ನಲು ಇಲಿ ಬಂದಿದ್ದವು, ಭತ್ತ ಮುಗಿದ ಮೇಲೆ ಚೀಟಿಯನ್ನೂ ತಿಂದಿದ್ದವು. ವಾಪಸು ಕೊಡುವ ದಿನ ಪೊಲೀಸರು ತಲೆ ಮೇಲೆ ಕೈ ಹೊತ್ತು ನಿಂತಿದ್ದಾಗ ಜನರೇ ಒಳಗೆ ಹೋಗಿ ಇದು ನಂದು, ಅದು ನಿಂದು ಎಂದು ಗಂಟು ನೋಡಿ ಹುಡುಕಿಕೊಟ್ಟರಂತೆ. ಪೇಟೆಯ ಜನ ಆಗಿದ್ದರೆ ನಂಬರು ನೋಡುತ್ತಿದ್ದರು. ನಮ್ಮವರು ಕದಿರು ನೋಡಿದರು. ಜೋಡಿ ನಳಿಗೆಯದ್ದು ಅಲ್ಲಿ ನಮ್ಮದೊಂದೇ, ಅದಕ್ಕೆ ಗುರುತು ಬೇಕಿರಲಿಲ್ಲ. ಕೇಪಿನ ಕೋವಿಗಳ ನಡುವೆ ಅಮ್ಮಮ್ಮ ಎಲ್ಲರಿಗಿಂತ ಮೊದಲು ಹೋಗಿ, ತಡವರಿಸದೆ ಒಂದನ್ನು ಎತ್ತಿಕೊಂಡಳು. ಕಥೆ ಅಂದರೆ ಇದೇ. ಅವಳು ಮನೆಗೆ ಬಂದು ಮೆಟ್ಟಿಲ ಮೇಲೆ ಕೋವಿ ಹಿಡಿದು ನಿಂತಾಗ ನಾನೇ ಫೋಟೋ ತೆಗೆದೆ. ಮಾವ ಅದನ್ನು ತನ್ನ ವಾಟ್ಸಪ್ಪಿನ ಡಿಪಿ ಮಾಡಿಕೊಂಡ.

ಮಾವನ ಬಗ್ಗೆಯೂ ಹೇಳಬೇಕು. ಅಮ್ಮನ ತಮ್ಮ, ಮದುವೆಯಾಗಿಲ್ಲ, ಕೈಗಿಂತ ಬಾಯಿ ಮುಂದೆ. ಯಾರ ಮೇಲೆ ಸಿಟ್ಟು ಬಂದರೂ ಕೋವಿ ತರುತ್ತೇನೆ ಎನ್ನುವುದೇ ಅವನ ಸದಾಕಾಲದ ಮಾತು: "ಕೋವಿ ತತ್ತೆ ಕಾಣ್!" ಎಳನೀರು ಕೆಡವುವ ಮಂಗನಿಗೂ ಅದೇ, ಕರೆಂಟು ತೆಗೆದ ಲೈನ್‌ಮನ್ನಿಗೂ ಅದೇ, ಟಿವಿಯಲ್ಲಿ ಕ್ಯಾಚು ಬಿಟ್ಟವನಿಗೂ ಅದೇ. ಆ ಚುನಾವಣೆಗೆ ಸ್ವಲ್ಪ ಮೊದಲು, ತೋಡಿನ ನೀರಿನ ವಿಷಯಕ್ಕೆ ಪಕ್ಕದ ಗದ್ದೆಯವರೊಡನೆ ಮಾತಿಗೆ ಮಾತು ಬೆಳೆದು, ಮಾವ ಈ ಮಾತು ಹೇಳಿದ್ದಲ್ಲದೆ ನಿಜವಾಗಿ ಒಳಗೂ ನಡೆದ. ಕೇಪಿನ ಕೋವಿ ಹಂದಿಗಾಗಿ ಮದ್ದು ತುಂಬಿಯೇ ಇತ್ತು. ಅಮ್ಮಮ್ಮ ಗೆರಸೆಯಲ್ಲಿ ಅಕ್ಕಿ ಹಾಕಿಕೊಂಡು ಕೋಣೆಯ ಹೊಸಿಲ ಮೇಲೆ ಕೂತುಬಿಟ್ಟಳು. "ಹೋಪುದಾರೆ ನನ್ನ ದಾಂಟ್ಕಂಡ್ ಹೋಗ್" ಅಂದಳು. ಅಕ್ಕಿ ಆರಿಸುತ್ತಲೇ ಇದ್ದಳು. ಮಾವ ನಿಂತ, ನಿಂತ, ಕೊನೆಗೆ ಅಡಿಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದು ಹೊರಗೆ ಬಂದ. "ಕೋವಿ ತಪ್ಪುಕೆ ಹೋದವ ನೀರ್ ಕುಡ್ದ್ ಬಂದ" ಎಂದು ಊರೆಲ್ಲ ನಕ್ಕಿತು. ನಾನೂ ನಕ್ಕೆ.

ಆ ವರ್ಷದ ಕೊನೆಗೆ ಬಂತು ನೋಡಿ ಮಸೂದೆ! ನಾನು ಕುಂದಾಪುರದಲ್ಲಿ ಡಿಗ್ರಿ ಓದುತ್ತಿದ್ದೆ, ಕಾಲೇಜಿನ ಡಿಬೇಟ್ ತಂಡದಲ್ಲಿದ್ದೆ. ಬ್ರಹ್ಮಾವರದಲ್ಲಿ ಅಂತರ ಕಾಲೇಜು ಚರ್ಚಾ ಸ್ಪರ್ಧೆ. ಆಯುಧ ಕಾಯ್ದೆಗೆ ತಿದ್ದುಪಡಿ ಬರುತ್ತಿದೆ, ಈ ತನಕ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಇನ್ನು ಒಂದೇ, ಇದು ಸರಿಯೇ? ಚೀಟಿ ಎತ್ತಿದಾಗ ನನಗೆ "ಪರ" ಬಂತು. ಕುಣಿಯುವುದೊಂದು ಬಾಕಿ. ಎದುರು ಪಕ್ಷದವರು ರೈತ, ಹಂದಿ, ಬೆಳೆ ಎಂದು ಶುರು ಮಾಡುತ್ತಾರೆ. ಹಂದಿ ನೋಡದ ಅವರಿಗೆ ಹಂದಿಯ ಮನೆಯಿಂದಲೇ ಬಂದ ನಾನು ಉತ್ತರ ಕೊಡುತ್ತೇನೆ! ಬಸ್ಸಿನಲ್ಲಿ ಮಸೂದೆ ಓದಿದೆ, ಊಟ ಮಾಡುತ್ತಾ ಓದಿದೆ. ಹಿತ್ತಿಲಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದ ಅಮ್ಮಮ್ಮನಿಗೆ ಓದಿ ಹೇಳಿದೆ.

"ಇನ್ ಒಬ್ರಿಗ್ ಒಂದೇ ಕೋವಿ ಅಂತೆ ಅಮ್ಮಮ್ಮ."

ಕತ್ತಿ ನಿಂತಿತು. "ಒಂದೇ ಅಂದ್ರೆ ಒಂದೇಯಾ? ಖಂಡಿತವಾ?"

"ಮಸೂದೆ ಅಷ್ಟೆ. ಇನ್ನೂ ಪಾಸ್ ಆಯ್ಲಿಲ್ಲ."

"ಯಾವತ್ತ್ ಆತ್ತ್?"

ನನ್ನ ಡಿಬೇಟಿಗೆ ನನಗಿಂತ ಹೆಚ್ಚು ಉಮೇದು ಅವಳಿಗೆ ಬಂದಂತೆ ಕಂಡಿತು. ದಿನಾ ಸಂಜೆ ನಾನು ಬಸ್ಸಿಳಿದು ಬರುವಾಗ "ಪಾಸ್ ಆಯ್ತಾ?" ಎಂದು ಕೇಳುವಳು. ಪರೀಕ್ಷೆಗೂ ಹೀಗೆ ಕೇಳಿದವಳಲ್ಲ.

ಒಂದನ್ನು ಠಾಣೆಗೆ ಕೊಟ್ಟುಬಿಡಬೇಕು ಅಂದರೆ ಯಾವುದು ಕೊಡುವುದು ಎಂಬ ಚರ್ಚೆ ಜಗಲಿಯಲ್ಲಿ ಶುರುವಾಯಿತು.

"ಕೇಪಿಂದ್ ಕೊಟ್ ಬಿಡುದ್," ಅಂದ ಮಾವ. "ಮಳೆಗಾಲ ಪೂರ್ತಿ ಒಂದ್ ಈಡ್ ಹಾರ್ಲಿಲ್ಲ ಅದ್ರಗ್. ಜೋಡಿ ನಳಿಗಿದ್ ಇರ್ಲಿ, ನಾನ್ ತೋಟೆ ತತ್ತೆ."

"ಮದ್ದ್ ತಂಪಾದ್ರೆ ಕೋವಿ ಎಂತ ಮಾಡ್ತ್?" ಅಂದಳು ಅಮ್ಮಮ್ಮ. "ಜೋಡಿದ್ ಕೊಡುದ್. ಕೇಪಿಂದ್ ಇರ್ಲಿ."

"ಎಂತಕ್ಕೆ?"

"ಅದ್ ನಾನ್ ಗುರ್ತ ಹಿಡ್ದ್ ತಂದ್ ಕೋವಿ."

ನಾನು ಮಧ್ಯೆ ಬಾಯಿ ಹಾಕಿದೆ. "ಅಮ್ಮಮ್ಮ, ಹಾರದ್ ಕೋವಿ ಇಟ್ಕಂಡ್, ಹಾರುವ ಕೋವಿ ಕೊಡುದ್ ಯಾವ ತರ್ಕ? ಹಂದಿಗ್ ಎಂತ ತೋರ್ಸ್ತೆ, ಗಂಟ್ ತೋರ್ಸ್ತ್ಯಾ?"

"ಹಂದಿ ಹೆದ್ರುದ್ ಶಬ್ದಕ್ಕೆ. ಗರ್ನಾಲ್ ಪಟಾಕಿ ಇತ್ತಲೆ."

"ಕಾಣ್, ವಕೀಲ್ತಿನೂ ಸೋತ್ಳ್!" ಎಂದು ಮಾವ ತೊಡೆ ತಟ್ಟಿ ನಕ್ಕ.

ಸೋತದ್ದಕ್ಕೆ ನನಗೆ ನಿದ್ದೆ ಹತ್ತಲಿಲ್ಲ. ಮರುದಿನ ಬೆಳಿಗ್ಗೆ, ಕಾಯ್ದೆ ಬಂದರೆ ಅರ್ಜಿಗೆ ಬೇಕಾಗುತ್ತದೆ ಎಂದು ಲೈಸೆನ್ಸಿನ ಪುಸ್ತಕ ತೆಗೆದು ಕೋವಿಗಳ ನಂಬರು ನೋಡಲು ಕೂತೆ. ಜೋಡಿ ನಳಿಗೆಯದ್ದು ಸರಿಯಿತ್ತು. ಕೇಪಿನ ಕೋವಿಯ ನಂಬರು ಮಣ್ಣುಮಸಿಯಲ್ಲಿ ಮುಚ್ಚಿತ್ತು. ತೆಂಗಿನೆಣ್ಣೆ ಹಾಕಿ ಬಟ್ಟೆಯಲ್ಲಿ ಉಜ್ಜಿದೆ. ಪುಸ್ತಕದಲ್ಲಿ ಕೊನೆಯ ಎರಡು ಅಂಕಿ ನಾಲ್ಕು, ಏಳು. ಕೋವಿಯ ಮೇಲೆ ಒಂದು, ಒಂದು. ಮತ್ತೆ ಉಜ್ಜಿದೆ. ಒಂದು, ಒಂದು.

"ಮಾವಾ! ಇದ್ ನಮ್ ಕೋವಿ ಅಲ್ಲ!"

ಮಾವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿ ಬಂದ. ಒಳಗಿನಿಂದ ಅಮ್ಮಮ್ಮನ ಧ್ವನಿ: "ಕಿರಿಮಂಜೇಶ್ವರದವ್ರದ್ದ್ ಆಯ್ಕ್."

ಕೇಳದೆಯೇ ಸಾಕ್ಷಿ ಮಾತಾಡಿದರೆ, ಮೊದಲು 'ನಿನಗೆ ಹೇಗೆ ಗೊತ್ತು?' ಎಂದು ಕೇಳಬೇಕು. ಡಿಬೇಟಿನ ಮೊದಲ ಪಾಠ ಅದು. ನಾನು ಕೇಳಲಿಲ್ಲ. ಸಿಕ್ಕಿದ ತಪ್ಪಿನ ಖುಷಿಯಲ್ಲಿ ನನಗೆ ಕಿವಿ ಇರಲಿಲ್ಲ. ಆಮೇಲೆ ಹೆದರಿಕೆಯೂ ಬಂತು. ಬೇರೆಯವರ ಕೋವಿ ನಮ್ಮ ಮನೆಯಲ್ಲಿ, ಏಳು ತಿಂಗಳಿಂದ. ಪುಸ್ತಕ ಅಮ್ಮಮ್ಮನ ಹೆಸರಿನಲ್ಲಿ. ಹೊಸ ಕಾಯ್ದೆ ಬಂದು ಎಲ್ಲರ ಕೋವಿ, ಎಲ್ಲರ ನಂಬರು ನೋಡಿದರೆ ಲೈಸೆನ್ಸು ಹೋಗುವುದಷ್ಟೇ ಅಲ್ಲ, ಕೇಸೂ ಆದೀತು. ಈ ವಯಸ್ಸಿನಲ್ಲಿ ಅವಳು ಕೋರ್ಟಿನ ಮೆಟ್ಟಿಲು ಹತ್ತಬೇಕೇ?

"ಡಿಬೇಟ್ ಮುಗಿಸ್ಕಂಡ್ ಬಾ. ಮತ್ತೆ ಕಿರಿಮಂಜೇಶ್ವರಕ್ಕ್ ಹೋಪ," ಅಂದ ಮಾವ. ಡಿಬೇಟಿಗೂ ಜೊತೆಗೆ ಬಂದ. ಬರಬೇಡ ಎಂದರೂ ಬಂದ.

ಬ್ರಹ್ಮಾವರದ ಆ ಸಭಾಂಗಣದಲ್ಲಿ ನಾನು ಮಾತಾಡಿದ್ದು ಈಗಲೂ ಮೈಯಲ್ಲಿದೆ. ನೆಲ ಕಾಲಿಗೆ ತಾಗುತ್ತಿರಲಿಲ್ಲ. ಎದುರು ಪಕ್ಷದ ಹುಡುಗ "ನಮ್ಮ ರೈತನಿಗೆ ಕೋವಿ ಕೈಕಾಲಿದ್ದಂತೆ" ಎಂದು ಚಪ್ಪಾಳೆ ಗಿಟ್ಟಿಸಿ ಕೂತ. ನಾನೆದ್ದೆ. "ಕೈಕಾಲಿದ್ದಂತೆ ಅಂದಿರಿ. ಒಳ್ಳೆಯದು. ತನ್ನ ಕಾಲು ಯಾವುದು, ಪಕ್ಕದ ಮನೆಯವನ ಕಾಲು ಯಾವುದು ಎಂದು ಏಳು ತಿಂಗಳು ಗೊತ್ತಾಗದ ರೈತನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಬೇರೆಯವರ ಕೋವಿ ಮನೆಯಲ್ಲಿಟ್ಟುಕೊಂಡು ತನ್ನದೇ ಎಂದು ಪೂಜೆ ಮಾಡಿದ ಮನೆ ಒಂದಿದೆ..."

ಹಿಂದಿನ ಸಾಲಿನಿಂದ ಮಾವ ಎದ್ದು ನಿಂತ. "ಹ್ವಾಯ್! ಯಾರ್ ಮನಿ ಅಂತ ಮಾತ್ರ ಹೇಳ್ಬೇಡ ಹೆಣೆ!"

ಸಭೆ ಬಿದ್ದುಬಿದ್ದು ನಕ್ಕಿತು. ತೀರ್ಪುಗಾರರೂ ನಕ್ಕರು. ಮೊದಲ ಬಹುಮಾನ ನನಗೆ ಬಂತು. ಅರ್ಧ ಮಾವನದ್ದು ಅಂತಲೇ ಇಟ್ಟುಕೊಳ್ಳಿ.

ಬಹುಮಾನದ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬರುವಾಗ ಫೋನಿನಲ್ಲಿ ಸುದ್ದಿ. ಮಸೂದೆ ಲೋಕಸಭೆಯಲ್ಲಿ ಪಾಸು, ಆದರೆ ಒಂದು ಅಲ್ಲ, ಎರಡು. ಒಬ್ಬರಿಗೆ ಎರಡು ಬಂದೂಕು ಇರಬಹುದು. ಮಾವ ಬಸ್ಸೆಲ್ಲ ಕೇಳುವ ಹಾಗೆ ಕೂಗಿದ: "ನೀನ್ ಗೆದ್ದೆ, ನಿನ್ ಮಸೂದೆ ಸೋತ್ತ್! ಎರಡೂ ಇರ್ಲಕ್! ನಾಳೆಯೇ ತೋಟೆಗ್ ಹೇಳ್ತೆ!"

ಅಮ್ಮಮ್ಮ ಕಪ್ಪನ್ನು ನೋಡಲೇ ಇಲ್ಲ.

"ಎರಡಾ? ನೀನ್ ಒಂದ್ ಅಂದಿದ್ಯಲೆ?"

"ನಾನ್ ಅಂದದ್ದಲ್ಲ, ಮಸೂದೆಯಲ್ಲಿ ಇದ್ದಿತ್ತ್. ಮತ್ತೆ ಬದ್ಲಾಯ್ತ್."

"ಬದ್ಲ್ ಮಾಡುಕೆ ಹೇಳ್ದವ್ರ್ ಯಾರ್?" ನಾನೇ ದೆಹಲಿಗೆ ಹೋಗಿ ಬದಲಿಸಿ ಬಂದವಳ ಹಾಗೆ ನನ್ನನ್ನು ನೋಡಿದಳು. ಆಮೇಲೆ ಕಪ್ಪನ್ನು ಸೆರಗಿನಲ್ಲಿ ಒರೆಸಿ ದೇವರ ಫೋಟೋದ ಬದಿಗಿಟ್ಟಳು.

ಕಿರಿಮಂಜೇಶ್ವರಕ್ಕೆ ನಾನು, ಮಾವ ಹೋದೆವು. ಕೋವಿ ತೆಗೆದುಕೊಂಡು ಹೋಗಲಿಲ್ಲ. ನಮ್ಮದಲ್ಲದ ಕೋವಿ ಹಿಡಿದು ಬಸ್ಸು ಹತ್ತುವುದು ಬೇಡ ಎಂದು ನಾನೇ ತಡೆದೆ. ಅಲ್ಲಿ ಕೋವಿಯ ಲೈಸೆನ್ಸು ಇರುವ ಮನೆಗಳು ಎರಡೋ ಮೂರೋ. ಎರಡನೆಯ ಮನೆಯಲ್ಲೇ ಸಿಕ್ಕಿತು. ಜಗಲಿಯಲ್ಲಿ ತೆಂಗಿನ ನಾರಿನ ಹುರಿ ಹೊಸೆಯುತ್ತಿದ್ದ ಅಜ್ಜ ನಮ್ಮ ಊರು ಕೇಳಿದ್ದೇ ತಡ, ಹುರಿ ಕೆಳಗಿಟ್ಟರು.

"ಬಂದ್ರ್ಯಾ? ನಾನ್ ಮುಂದಿನ ಎಲೆಕ್ಷನ್ನಿಗ್ ಕಾಯ್ತಾ ಇದ್ದಿದ್ದೆ."

"ಎಂತಕ್ಕೆ?" ಅಂದೆ.

"ಮತ್ತೆ ಎಲ್ರೂ ಠಾಣಿಗ್ ಕೊಡ್ಕಲೆ. ವಾಪಾಸ್ ತಕಂಬತಿಗೆ ಬದ್ಲ್ ಮಾಡಿ ಸಮಾ ಮಾಡ್ಕಂಬ ಅಂತ. ಸುಮ್ನೆ ಅರ್ಜಿ ಬರ್ದ್ ಎಂತಕ್ಕೆ ರಗಳೆ?"

ಇದಕ್ಕೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ದೇಶದ ಸಂಸತ್ತು ಬಂದೂಕಿನ ಲೆಕ್ಕ ಬಿಗಿ ಮಾಡುತ್ತಿದ್ದರೆ, ಇಲ್ಲಿ ಒಬ್ಬರು ಮುಂದಿನ ಮತದಾನದ ತನಕ ತಪ್ಪನ್ನು ಗೂಡಿನಲ್ಲಿಟ್ಟುಕೊಂಡು ಕೂತಿದ್ದಾರೆ! ಅವರ ಮಗ ಮಾವನನ್ನು ಹಿತ್ತಿಲಿಗೆ ಕರೆದೊಯ್ದು ನಮ್ಮ ನಿಜವಾದ ಕೋವಿ ತೋರಿಸಿದ. "ನಮ್ದೇ! ನಮ್ದೇ!" ಎಂದು ಮಾವನ ಕೂಗು ಜಗಲಿಗೆ ಕೇಳಿತು.

ಅಜ್ಜ ನನ್ನ ಕಡೆ ಬಗ್ಗಿ ಸ್ವರ ತಗ್ಗಿಸಿದರು. "ನಿಮ್ ಕೋವಿ ಒಳ್ಳೆದ್. ಒಂದ್ ಈಡೂ ತಪ್ಪುದಿಲ್ಲ. ನಂದ್ ಹಾರದೆ ಮೂರ್ ವರ್ಷ ಆಯ್ತ್, ಕೇಪ್ ಕೂರು ತೂತೇ ಕಟ್ಟಿತ್ತ್. ಬರೀ ಕದಿರ್ ಕಟ್ಟುಕಾಯ್ತ್. ಆ ದಿನ ಠಾಣಿ ಬೆಂಚಿನ ಮೇಲೆ ಅದನ್ನೇ ಹೇಳಿ, ತೆಂಗಿನ ಹುರಿ ಕಟ್ಟಿದ್ದೇ ನಂದ್ ಅಂತ ನೆಗ್ಯಾಡ್ತಿದ್ದಿದ್ದೆ. ನಿಮ್ ಅಮ್ಮಮ್ಮ ನನ್ ಬದಿಗೇ ಕೂತಿದ್ದಿದ್ರ್."

"ಮತ್ತೆ?"

"ಮತ್ತೆಂತ. ಒಳಗ್ ಬಿಟ್ ಕೂಡ್ಲೆ ನನ್ ಕೋವಿನೇ ತಕಂಡ್ರ್. 'ಅಕ್ಕ, ಅದ್ ನಂದ್, ಹುರಿ ಕಾಣಿ' ಅಂದೆ. 'ನನ್ ಗಂಟ್ ನಂಗ್ ಗೊತ್ತಿಲ್ಯಾ?' ಅಂತ ಜೋರ್ ಮಾಡ್ರ್. ಪೊಲೀಸ್ರೂ ಅವ್ರ್ ಬದಿಗೇ. ನಂಗೆಂತ, ಒಳ್ಳೆ ಕೋವಿ ಸಿಕ್ಕುತ್ತಲೆ ಅಂತ ನಾನೂ ಸುಮ್ನಾದೆ."

ವಾಪಸು ಬಸ್ಸಿನಲ್ಲಿ ಮಾವನಿಗೆ ಬಾಯಿಗೆ ಬಿಡುವಿಲ್ಲ. ನಾನು ಕಿಟಕಿ ಕಡೆ ತಿರುಗಿ ಅವನ ಡಿಪಿ ತೆರೆದು, ಫೋಟೋ ಹಿಗ್ಗಿಸಿದೆ. ಅಮ್ಮಮ್ಮನ ಮುಖ ದಾಟಿ, ಕೈ ದಾಟಿ, ನಳಿಗೆಯ ಬುಡಕ್ಕೆ ಬಂದೆ. ಕದಿರು ಕಟ್ಟಿದ್ದು ಬಾಳೆನಾರಿನಲ್ಲಿ ಅಲ್ಲ. ತೆಂಗಿನ ಹುರಿ. ಗೇಣುದ್ದದ ಬಾಲ ಕೆಳಗೆ ನೇತಾಡುತ್ತಿತ್ತು. ಅಷ್ಟು ಮಂದಿ ಅಷ್ಟು ದಿನ ನೋಡಿದ ಫೋಟೋ. ಯಾರಿಗೂ ಕಾಣಲಿಲ್ಲ, ಕಥೆ ಮೊದಲೇ ಕೇಳಿದ್ದರಿಂದ. ತೆಗೆದವಳು ನಾನೇ, ನನಗೂ ಕಾಣಲಿಲ್ಲ. ಪಕ್ಕದಲ್ಲಿದ್ದ ಮಾವನಿಗೆ ಕಂಡೀತು ಎಂದು ಫೋನು ಮುಚ್ಚಿದೆ. ಅವನಿಗೆ ಹೇಳಲಿಲ್ಲ.

ಎರಡೂ ಮನೆಯವರು ಅರ್ಜಿ ಬರೆದು ಕೊಟ್ಟೆವು. ಆ ಅರ್ಜಿ ಬರೆದವಳು ನಾನೇ. ಬರೆಯುತ್ತಾ ಗೊತ್ತಿತ್ತು: ನಂಬರು ಸರಿಯಾದರೆ ಹಾರುವ ಕೋವಿ ಮನೆಗೆ, ಮಾವನ ಕೈಗೆ ಸಿಗುವಲ್ಲಿಗೆ ಬರುತ್ತದೆ. ಬರೆಯದಿದ್ದರೆ ಅವಳ ಮೇಲೆ ಕೇಸು. ಡಿಬೇಟಿನಲ್ಲಾದರೆ ಒಂದು ಪಕ್ಷ ಚೀಟಿಯಲ್ಲಿ ಬರುತ್ತದೆ, ಸುಲಭ.

ಕರೆದ ದಿನ ಎರಡು ಕೇಪಿನ ಕೋವಿಗಳೂ ಠಾಣೆಯ ಮೇಜಿನ ಮೇಲಿದ್ದವು. ಜೋಡಿ ನಳಿಗೆಯದ್ದನ್ನೂ ಅಮ್ಮಮ್ಮ ಹೊರಿಸಿಕೊಂಡು ಬಂದಿದ್ದಳು. ಯಾಕೆ ಎಂದರೆ "ಅದ್ರ್ ನಂಬ್ರವೂ ಕಾಣ್ಲಿ" ಅಂದಿದ್ದಳು. ಠಾಣೆಯ ದಫ್ತರ ಬರೆಯುವ ರೈಟರ್ ಪುಸ್ತಕ ನೋಡಿ, ನಾಲ್ಕು ಏಳರ ಕೋವಿಯನ್ನು ಅವಳ ಮುಂದೆ ಸರಿಸಿದರು. ಇನ್ನು ಮೇಲೆ ನಂಬರು ನೋಡಿ ತೆಗೆದುಕೊಳ್ಳಿ ಅಜ್ಜಿ ಎಂದರು. ಮಾವ ಕೈ ಚಾಚಿದ.

ಅಮ್ಮಮ್ಮ ಅವನ ಕೈಯನ್ನು ಮೆಲ್ಲನೆ ಬದಿಗೆ ಸರಿಸಿ, ನಾಲ್ಕು ಏಳರ ಕೋವಿಯಿಂದ ಹುರಿಯ ಕದಿರು ಬಿಚ್ಚಿ ಕಿರಿಮಂಜೇಶ್ವರದ ಅಜ್ಜನಿಗೆ ಕೊಟ್ಟಳು. ಒಂದು ಒಂದರ ಕೋವಿಯಿಂದಲೂ, ಜೋಡಿ ನಳಿಗೆಯದ್ದರಿಂದಲೂ ಈ ನವರಾತ್ರಿಗೆ ತಾನು ಕಟ್ಟಿದ ಬಾಳೆನಾರಿನ ಕದಿರು ಬಿಚ್ಚಿ ಸೆರಗಿಗೆ ಹಾಕಿಕೊಂಡಳು. ಕದಿರು ಮನೆಯದ್ದು, ಹೊರಗೆ ಬಿಡಬಾರದು.

"ನಂದ್ ಎರಡೂ ಇಲ್ಲೇ ಇರ್ಲಿ. ಲೈಸೆನ್ಸೂ ಬ್ಯಾಡ. ಎಲ್ಲಿ ಸೈನ್ ಹಾಕುದ್ ಹೇಳಿ."

"ಅಬ್ಬೆ, ನಿಂಗೆ ಮರ್ಲಾ?" ಮಾವ ಕೂಗಿದ. "ಎರಡ್ ಇರ್ಲಕ್ ಅಂತ ಕಾನೂನೇ ಹೇಳ್ತ್ ಕಾಣ್!"

"ಇರ್ಲಕ್ ಅಂದದ್. ಇರ್ಕೇ ಅಂತ ಹೇಳ್ಲಿಲ್ಲಲೆ."

ಇರಬಹುದು ಬೇರೆ, ಇರಲೇಬೇಕು ಬೇರೆ: ಇಡೀ ಬ್ರಹ್ಮಾವರದಲ್ಲಿ ಅಂಥ ಒಂದು ವಾಕ್ಯ ನನ್ನ ಬಾಯಿಂದ ಬಂದಿರಲಿಲ್ಲ. ರೈಟರ್ ಕಾಗದ ಕೊಟ್ಟರು. ಮಾವ 'ಕೋವಿ ತತ್ತೆ' ಅನ್ನಲು ಹೋಗಿ, ಬಾಯಿ ತೆರೆದು, ಹಾಗೇ ಮುಚ್ಚಿದ. ಅಲ್ಲಿ ಮೂಲೆಯಲ್ಲಿದ್ದ ಕೊಡದಿಂದ ನೀರು ಬಗ್ಗಿಸಿ ಕುಡಿದ. ಅಮ್ಮಮ್ಮ ಅವನನ್ನೇ ನೋಡುತ್ತಾ ಸಹಿ ಹಾಕಿದಳು.

ಈಗಲೂ ಮನೆಯಲ್ಲಿ ಹಳೆ ಕಥೆಯೇ ನಡೆಯುತ್ತದೆ. ಕೋವಿ ಇಲ್ಲ, ಕಥೆ ಇದೆ. ನಾನೂ ಬಂದವರ ಮುಂದೆ ತಿದ್ದಲು ಹೋಗುವುದಿಲ್ಲ.

ಸಹಿ ಹಾಕಿದ ಆ ದಿನ, ಬಸ್ಸಿಗೆ ಕಾಯುವಾಗ ಮಾವ ಸ್ವಲ್ಪ ದೂರ, ನಮಗೆ ಬೆನ್ನು ಹಾಕಿ ನಿಂತಿದ್ದ. ಅಮ್ಮಮ್ಮ ಸೆರಗಿನಲ್ಲಿದ್ದ ಕದಿರಿನಿಂದ ಉದುರಿದ ಭತ್ತವನ್ನು ಒಂದೊಂದೇ ಹೆಕ್ಕುತ್ತಿದ್ದಳು. ನಾನು ಫೋನು ತೆಗೆದು ಆ ಫೋಟೋ ಹಿಗ್ಗಿಸಿ ಅವಳ ಕಣ್ಣಿನ ಮುಂದೆ ಹಿಡಿದೆ.

"ಅಮ್ಮಮ್ಮ, ಸತ್ಯ ಹೇಳ್. ಇಷ್ಟುದ್ದ ಬಾಲ ಆವತ್ತ್ ನಿಂಗ್ ಕಾಣ್ಲೇ ಇಲ್ಯಾ, ಇಲ್ಲ ಕಂಡೇ ತಕಂಡ್ ಬಂದದ್ದಾ?"